ಅಪ್ಪ ಒಂದು ರಾಜ್ಯ, ಮಗು ಇನ್ನೊಂದು ರಾಜ್ಯ: ಚೈಲ್ಡ್ ಸಪೋರ್ಟ್ ಯಾವ ಕೋರ್ಟಿನ ಕೆಲಸ?

ತಾಯಿ ಮಗುವಿನ ಜೊತೆ ಟೆಕ್ಸಾಸ್ ರಾಜ್ಯದ ಡಲ್ಲಾಸಿನಲ್ಲಿ, ತಂದೆ ನ್ಯೂಜೆರ್ಸಿಯಲ್ಲಿ. ಚೈಲ್ಡ್ ಸಪೋರ್ಟ್, ಅಂದರೆ ಮಗುವಿನ ಜೀವನಾಂಶದ ಕೇಸು ಎಲ್ಲಿ ಹಾಕಬೇಕು? ಅಮೆರಿಕದ ಕನ್ನಡ ಕುಟುಂಬಗಳಿಗೂ ಎದುರಾಗಬಹುದಾದ ಪ್ರಶ್ನೆ ಇದು. ಅಲ್ಲಿ ಕೌಟುಂಬಿಕ ಕಾನೂನು ಆಯಾ ರಾಜ್ಯದ್ದು. ಗಡಿಯಾಚೆ ಇರುವವರಿಗೆ 'ತಿಂಗಳಿಗೆ ಇಷ್ಟು ಕಟ್ಟಿ' ಎಂದು ಕೋರ್ಟು ಸುಮ್ನೆ ಆದೇಶ ಕೊಡುವಂತಿಲ್ಲ. ಅವರ ಮೇಲೆ ಅದಕ್ಕೆ ಅಧಿಕಾರ ಇರಬೇಕು.

ರಾಜ್ಯಗಳು ತಮ್ಮಲ್ಲಿ ಜಾರಿಗೆ ತರಲೆಂದು 1950ರಲ್ಲಿ ಒಂದು ಮಾದರಿ ಕಾಯ್ದೆ ಬಂತು. ಹೆಸರು 'ಯುರೇಸಾ'. ತಾಯಿ ತನ್ನ ಊರಿನಲ್ಲೇ ಅರ್ಜಿ ಕೊಟ್ಟರೆ ಕಾಗದಪತ್ರ ತಂದೆಯ ರಾಜ್ಯಕ್ಕೆ ಹೋಗುತ್ತಿತ್ತು, ಅಲ್ಲಿನ ಕೋರ್ಟು ಆದೇಶ ಕೊಡುತ್ತಿತ್ತು. ಆದರೆ ಹೊಸ ಆದೇಶ ಬಂದರೆ ಹಳೆಯದು ರದ್ದಾಗುತ್ತಿರಲಿಲ್ಲ. ಒಂದೇ ಮಗುವಿಗೆ ಎರಡು ಮೂರು ಆದೇಶ, ಒಂದೊಂದರಲ್ಲೂ ಒಂದೊಂದು ಮೊತ್ತ. ಬಾಕಿ ಎಷ್ಟು ಅಂತ ಲೆಕ್ಕ ಹಾಕುವವರ ಪಾಡು ಕೇಳಬೇಕೇ?

1978ರ ಕುಲ್ಕೋ ಪ್ರಕರಣ ಇನ್ನೊಂದು ತೊಡಕನ್ನು ಎತ್ತಿ ತೋರಿಸಿತು. ನ್ಯೂಯಾರ್ಕಿನ ದಂಪತಿ ಬೇರೆಯಾದರು. ತಾಯಿ ಕ್ಯಾಲಿಫೋರ್ನಿಯಾದ ಸ್ಯಾನ್‌ಫ್ರಾನ್ಸಿಸ್ಕೋ ಸೇರಿದರು. ಅಮ್ಮನ ಹತ್ತಿರ ಇರುತ್ತೇನೆ ಎಂದ ಮಗಳಿಗೆ ತಂದೆ ವಿಮಾನದ ಟಿಕೆಟ್ ತೆಗೆಸಿಕೊಟ್ಟರು. ಆಮೇಲೆ ತಾಯಿ ಜಾಸ್ತಿ ಜೀವನಾಂಶ ಕೇಳಿ ಕ್ಯಾಲಿಫೋರ್ನಿಯಾದಲ್ಲಿ ಕೇಸು ಹಾಕಿದರು. ಮಗಳನ್ನು ಕಳಿಸಿಕೊಟ್ಟ ಮಾತ್ರಕ್ಕೆ ತಂದೆಯನ್ನು ಅಲ್ಲಿನ ಕೋರ್ಟಿಗೆ ಎಳೆಯುವಂತಿಲ್ಲ ಎಂದಿತು ಅಮೆರಿಕದ ಸುಪ್ರೀಂ ಕೋರ್ಟ್. ನ್ಯಾಯವೇ, ಅಲ್ವಾ? ಆದರೆ ತಾಯಿಗೆ ಅದು ತೋರಿಸಿದ ದಾರಿ ಮತ್ತದೇ ಯುರೇಸಾ ಬಗೆಯ ಕಾನೂನು.

1992ರಲ್ಲಿ ಯುರೇಸಾ ಬದಲಿಗೆ 'ಯುಇಫ್ಸಾ' ಎಂಬ ಹೊಸ ಮಾದರಿ ಕಾಯ್ದೆ ರೂಪುಗೊಂಡಿತು. 1998ರೊಳಗೆ ಎಲ್ಲ ರಾಜ್ಯಗಳೂ ಇದನ್ನು ಒಪ್ಪಬೇಕೆಂದು 1996ರ ಕೇಂದ್ರ ಕಾನೂನು ಕಡ್ಡಾಯ ಮಾಡಿತು. ಇದರ ತಿರುಳು ಇಷ್ಟೇ: ಒಂದು ಸಮಯಕ್ಕೆ ಒಂದೇ ಆದೇಶ. ತಂದೆ ಹಿಂದೆ ಮಗುವಿನ ಜೊತೆ ಟೆಕ್ಸಾಸಿನಲ್ಲಿ ವಾಸವಿದ್ದರೆ ಟೆಕ್ಸಾಸಿನ ಕೋರ್ಟೇ ಆದೇಶ ಕೊಡಬಹುದು. ಅಂಥ ನಂಟಿಲ್ಲದಿದ್ದರೆ ತಾಯಿಯ ಊರಿನ ಚೈಲ್ಡ್ ಸಪೋರ್ಟ್ ಕಚೇರಿ ಅರ್ಜಿಯನ್ನು ತಂದೆಯ ರಾಜ್ಯಕ್ಕೆ ಕಳಿಸುತ್ತದೆ. ಆದೇಶ ಕೊಟ್ಟ ರಾಜ್ಯದಲ್ಲಿ ತಂದೆ, ತಾಯಿ, ಮಗು ಇವರಲ್ಲಿ ಒಬ್ಬರಾದರೂ ಇರುವವರೆಗೆ, ತಂದೆತಾಯಿ ಇಬ್ಬರೂ ಬೇರೆ ರಾಜ್ಯದ ಕೋರ್ಟಿಗೆ ಒಪ್ಪದ ಹೊರತು, ಮೊತ್ತ ಬದಲಿಸುವ ಅಧಿಕಾರ ಅಲ್ಲಿಯದೇ. ಸಂಬಳದಲ್ಲಿ ಹಣ ಹಿಡಿಯುವ ಆದೇಶವನ್ನು ಬೇರೆ ರಾಜ್ಯದ ಕಂಪನಿಗೆ ನೇರವಾಗಿ ಕಳಿಸಲೂಬಹುದು. 'ಮಗುವನ್ನು ನೋಡಲು ಬಿಡುತ್ತಿಲ್ಲ, ಅದಕ್ಕೆ ಕಟ್ಟಲ್ಲ' ಎಂಬ ವಾದ ಇಲ್ಲಿ ನಡೆಯುವುದಿಲ್ಲ.

ಆದರೆ ತಂದೆ ಬೆಂಗಳೂರಿಗೆ ಮರಳಿದರೆ? ದೇಶಗಳ ನಡುವಿನ ಜೀವನಾಂಶಕ್ಕಾಗಿ 2007ರಲ್ಲಿ ಆದ ಹೇಗ್ ಒಪ್ಪಂದ 2017ರಿಂದ ಅಮೆರಿಕದಲ್ಲಿ ಜಾರಿಯಲ್ಲಿದೆ. ಭಾರತ ಅದಕ್ಕೆ ಸೇರಿಲ್ಲ. ವಿದೇಶಿ ತೀರ್ಪುಗಳನ್ನು ನೇರವಾಗಿ ಜಾರಿ ಮಾಡಿಸಲು ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಗುರುತಿಸಿದ ದೇಶಗಳಲ್ಲಿ ಅಮೆರಿಕವೂ ಇಲ್ಲ. ಹಾಗಾಗಿ ತಾಯಿ ಅಮೆರಿಕದ ಆದೇಶವನ್ನು ಆಧಾರವಾಗಿಟ್ಟು ಇಲ್ಲಿ ಹೊಸ ದಾವೆ ಹೂಡಬೇಕು, ಇಲ್ಲವೇ ಮಗುವಿನ ಜೀವನಾಂಶಕ್ಕೆ ಇಲ್ಲಿನ ಕೌಟುಂಬಿಕ ನ್ಯಾಯಾಲಯದಲ್ಲಿ ಬೇರೆಯಾಗಿ ಅರ್ಜಿ ಹಾಕಬೇಕು.