ಕಿಂಗ್ ಪಿನ್ ಕಡಾಣಿಯಲ್ಲ

ಹೋದ ವಾರ ಲಾರಿ ಮಾಲೀಕರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಹೊಸಬರಿಗೆ ಪಾಠ ಹೇಳುತ್ತಿದ್ದರು. "ಕಿಂಗ್ ಪಿನ್ ಅಂದ್ರೆ ಬೇರೆ ಏನೂ ಅಲ್ಲ ಸ್ವಾಮಿ, ನಮ್ಮ ಎತ್ತಿನ ಗಾಡಿ ಕಡಾಣಿ ಇದೆಯಲ್ಲ, ಅದೇ." ಕೆಳಗೆ ಸಾಲು ಸಾಲು ಹೆಬ್ಬೆರಳು. ಅದೇ ದಿನದ ಪೇಪರಿನಲ್ಲಿ ಯಾವುದೋ ಹಗರಣದ 'ಕಿಂಗ್‌ಪಿನ್' ಪರಾರಿ. ಸಂಜೆ ಹಾಸನದ ಬಿ.ಎಂ. ರಸ್ತೆಯಲ್ಲಿ ಟೀ ಕುಡಿಯುತ್ತಿದ್ದಾಗ ಪಕ್ಕದಲ್ಲಿದ್ದ ಡ್ರೈವರ್ ಫೋನಿನಲ್ಲಿ ಹೇಳುತ್ತಿದ್ದ: "ಮುಂದೆ ಶೇಕ್ ಬರ್ತಿದೆ ಅಣ್ಣಾ, ಕಿಂಗ್ ಪಿನ್ ಹೋಗಿದೆ." ಜಾಕಿ ಹಾಕಿ ನೋಡಿದ್ಯಾ ಅಂತ ಕೇಳಿದೆ. ನೋಡಿರಲಿಲ್ಲ. ಒಂದೇ ದಿನಕ್ಕೆ ಮೂರು ಕಿಂಗ್ ಪಿನ್. ಸಾಕಾಯಿತು.

ಕಡಾಣಿಯಿಂದಲೇ ಶುರು ಮಾಡೋಣ, ಜಾಸ್ತಿ ಕೋಪ ಬಂದಿದ್ದು ಅದಕ್ಕೇ. ಕಡೆ ಮತ್ತು ಆಣಿ ಸೇರಿ ಕಡಾಣಿ. ಅಚ್ಚಿನ ಕಡೆಯಲ್ಲಿ, ಅಂದರೆ ತುದಿಯಲ್ಲಿ ಹೊಡೆದ ಆಣಿ. ಗಾಲಿ ಅಚ್ಚಿನಿಂದ ಜಾರಿ ಹೊರಗೆ ಹೋಗದ ಹಾಗೆ ತಡೆಯುವುದು ಅದರ ಕೆಲಸ. ಅಷ್ಟೇ ಕೆಲಸ. ಲಾರಿಯಲ್ಲಿ ಆ ಕೆಲಸ ಮಾಡುವುದು ಗಾಲಿಯ ನಡುವಿನ ಗುಂಬ, ಅಂದರೆ ಹಬ್ ಒಳಗಿನ ನಟ್ಟು ಮತ್ತು ಅದು ಬಿಚ್ಚದಂತೆ ಹಾಕುವ ಲಾಕು. ಕಿಂಗ್ ಪಿನ್ ಗಾಲಿಯನ್ನು ಹಿಡಿದು ನಿಲ್ಲಿಸಲು ಇರುವುದಲ್ಲ. ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಗಾಲಿ ಎಡಕ್ಕೆ ಬಲಕ್ಕೆ ಹೊರಳಲು ಇರುವುದು. ಕಡಾಣಿ ಅಚ್ಚಿಗೆ ಅಡ್ಡ ಕೂರುತ್ತದೆ, ಗಾಲಿಯ ಹೊರಗೆ. ಕಿಂಗ್ ಪಿನ್ ಹೆಚ್ಚುಕಮ್ಮಿ ನೆಟ್ಟಗೆ ನಿಂತಿರುತ್ತದೆ, ಗಾಲಿಯ ಒಳಬದಿಗೆ. ಜಾಗವೂ ಬೇರೆ, ಕೆಲಸವೂ ಬೇರೆ.

ಎತ್ತಿನ ಗಾಡಿಯಲ್ಲಿ ಕಿಂಗ್ ಪಿನ್ ಇರುವುದಕ್ಕೆ ಸಾಧ್ಯವೂ ಇಲ್ಲ. ಅದರ ಗಾಲಿಗಳು ಹೊರಳುವುದೇ ಇಲ್ಲ. ಎತ್ತು ತಿರುಗುತ್ತದೆ, ಗಾಡಿ ಪೂರ್ತಿ ಹಿಂದೆ ಬರುತ್ತದೆ. ಬೇಲೂರಿನ ತೇರು ಎಳೆಯುವಾಗ ನೋಡಿರುತ್ತೀರಿ. ಗಾಲಿ ಕೆಳಗೆ ಮರದ ತುಂಡು ಕೊಟ್ಟು ಕೊಟ್ಟು ತಿರುಗಿಸಬೇಕು. ಕಿಂಗ್ ಪಿನ್ ಇಲ್ಲದ ಬಂಡಿಯ ಪಾಡು ಅದು.

ನಮ್ಮ ಮನೆಯ ಸಾಮಾನಿನಲ್ಲೇ ಹೋಲಿಕೆ ಬೇಕೆಂದರೆ ಬೀಸುವ ಕಲ್ಲು ನೋಡಿ. ಕೆಳಗಿನ ಕಲ್ಲಿನ ನಡುವೆ ಕಬ್ಬಿಣದ ಗೂಟ ಬಿಗಿಯಾಗಿ ಕೂತಿರುತ್ತದೆ. ಮೇಲಿನ ಕಲ್ಲು ಅದರ ಸುತ್ತ ತಿರುಗುತ್ತದೆ. ಗೂಟ ತಿರುಗುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಹೆಸರಿನ ವಿಷಯ. ಒಂದು ಪಿನ್ನಿಗೆ ರಾಜ ಅನ್ನುವ ಬಿರುದು ಯಾಕೆ? ಇಂಗ್ಲಿಷರಲ್ಲಿ ಮರದ ಗೂಟಗಳನ್ನು ನಿಲ್ಲಿಸಿ ದೂರದಿಂದ ಹೊಡೆದು ಬೀಳಿಸುವ ಹಳೆಯ ಆಟಗಳಿವೆ, ನಮ್ಮ ಲಗೋರಿಯ ದೂರದ ನೆಂಟರು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಗೂಟ ಕಿಂಗ್ ಪಿನ್. ಕುದುರೆ ಸಾರೋಟಿನವರೂ ಇದೇ ಹೆಸರು ಬಳಸಿದರು. ನಾಲ್ಕು ಗಾಲಿಯ ಸಾರೋಟಿನಲ್ಲಿ ಮುಂದಿನ ಅಚ್ಚು ಪೂರ್ತಿಯಾಗಿ, ಎರಡೂ ಗಾಲಿ ಸಮೇತ, ನಡುವಿನ ಒಂದೇ ಒಂದು ದಪ್ಪ ಬೋಲ್ಟಿನ ಸುತ್ತ ಹೊರಳುತ್ತಿತ್ತು. ಆ ಬೋಲ್ಟ್ ಮುರಿದರೆ ಕುದುರೆ ಒಂದು ಕಡೆ, ಸವಾರಿ ಇನ್ನೊಂದು ಕಡೆ. ರಾಜ ಅನ್ನಲು ಅಷ್ಟು ಸಾಕಲ್ಲ?

ಆದರೆ ಆ ವ್ಯವಸ್ಥೆಯಲ್ಲಿ ಒಂದು ತೊಂದರೆ ಇತ್ತು. ಜೋರಾಗಿ ತಿರುಗಿಸಿದರೆ ಅಚ್ಚು ಅಡ್ಡಡ್ಡ ಆಗಿ ಗಾಲಿ ಗಾಡಿಯ ಹೊಟ್ಟೆ ಕೆಳಗೆ ಬರುತ್ತಿತ್ತು. ಗಾಡಿ ಮಗುಚುವ ಭಯ. ಇದಕ್ಕೆ ಮ್ಯೂನಿಕ್‌ನ ಸಾರೋಟು ಕಟ್ಟುವವ ಗೆಯೋರ್ಗ್ ಲಾಂಕೆನ್ಸ್‌ಪೆರ್ಗರ್ ಒಂದು ದಾರಿ ಹುಡುಕಿದ. ಅಚ್ಚನ್ನು ಅಲುಗಾಡದಂತೆ ಕಟ್ಟಿ ಹಾಕು, ಅದರ ಎರಡು ತುದಿಯಲ್ಲಿ ಗಾಲಿಗಳನ್ನು ಮಾತ್ರ ಬೇರೆ ಬೇರೆಯಾಗಿ ಹೊರಳಿಸು. 1818ರಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ಮಾಡಿಸಿದವರು ಅವನ ಏಜೆಂಟ್ ರುಡಾಲ್ಫ್ ಆಕರ್‌ಮನ್. ಹೆಸರೂ ಅವರದ್ದೇ ಉಳಿಯಿತು. ಇವತ್ತಿಗೂ ಅದು ಆಕರ್‌ಮನ್ ಸ್ಟೇರಿಂಗ್. ಕಷ್ಟಪಟ್ಟವನೊಬ್ಬ, ಕಾಗದ ಮಾಡಿಸಿದವನೊಬ್ಬ. ನಮ್ಮೂರಿನ ಜಮೀನಿನ ಕಥೆ ಇದ್ದ ಹಾಗೇ ಇದೆ.

ಆಗ ಆದದ್ದಿಷ್ಟು: ನಡುವಿನ ಒಬ್ಬ ರಾಜ ಹೋದ, ತುದಿಗಳಲ್ಲಿ ಇಬ್ಬರು ಬಂದರು. ಬಿರುದು ಮಾತ್ರ ಬದಲಾಗಲಿಲ್ಲ. ಅದಕ್ಕೇ ಇವತ್ತು ನಿಮ್ಮ ಲಾರಿಯ ಮುಂದಿನ ಆಕ್ಸಲ್‌ನಲ್ಲಿ ಎಡಕ್ಕೊಂದು, ಬಲಕ್ಕೊಂದು ಕಿಂಗ್ ಪಿನ್. ಎರಡನ್ನೂ ಒಂದೇ ತಾಳಕ್ಕೆ ಹೊರಳಿಸಲು ನಡುವೆ ಟೈ ರಾಡ್ ಅನ್ನುವ ಸರಳು. ಒಬ್ಬನೇ ರಾಜನಿದ್ದಾಗ ಟೈ ರಾಡ್ ಬೇಕಿರಲಿಲ್ಲ.

ಹಳೆಯ ಅರ್ಥಕ್ಕೆ ಹತ್ತಿರದ ಕಿಂಗ್ ಪಿನ್ ಇನ್ನೂ ಒಂದು ಕಡೆ ಉಳಿದಿದೆ, ಟ್ರೈಲರ್‌ನಲ್ಲಿ. ಟ್ರೈಲರ್‌ನ ಮೂತಿಯ ಕೆಳಗೆ ನೇತಾಡುವ ಗಟ್ಟಿ ಪಿನ್ನು, ಎಳೆಯುವ ಗಾಡಿಯ ಫಿಫ್ತ್ ವೀಲ್ ತಟ್ಟೆಯಲ್ಲಿ ಹೋಗಿ ಕಚ್ಚಿಕೊಳ್ಳುವುದು. 2 ಇಂಚಿನದು, 3.5 ಇಂಚಿನದು ಎಂದು ಎರಡು ಅಳತೆ ಚಾಲ್ತಿಯಲ್ಲಿವೆ. ಫಿಫ್ತ್ ವೀಲ್ ಅನ್ನುವ ಹೆಸರೂ ಸಾರೋಟಿನದ್ದೇ: ಅಚ್ಚು ಹೊರಳುವಾಗ ಒರಗಿಕೊಳ್ಳಲು ಅಡ್ಡಲಾಗಿ ಮಲಗಿಸಿದ್ದ ಬಳೆ, ನಾಲ್ಕು ಗಾಲಿಯ ಜೊತೆಗೆ ಐದನೆಯದು. ಈ ಕಿಂಗ್ ಪಿನ್ನಿಗೂ ಸ್ಟೇರಿಂಗಿಗೂ ಸಂಬಂಧವಿಲ್ಲ. ಸ್ಪೇರ್ಸ್ ಅಂಗಡಿಯಲ್ಲಿ 'ಟ್ರೈಲರ್ ಕಿಂಗ್ ಪಿನ್' ಎಂದು ಪೂರ್ತಿ ಹೇಳದಿದ್ದರೆ ಹುಡುಗ ಆಕ್ಸಲ್‌ನದ್ದೇ ತಂದು ಇಡುತ್ತಾನೆ. ತಪ್ಪು ಅವನದ್ದಲ್ಲ.

ಪೇಪರಿನವರಿಗೆ ಒಂದೇ ಮಾತು. ಸೂತ್ರಧಾರ ಅನ್ನುವ ಚೆಂದದ ಪದ ಕೈಯಲ್ಲೇ ಇದೆ. ನಿಮ್ಮ ಕಿಂಗ್‌ಪಿನ್ ಸದಾ ಪರಾರಿಯಾಗಿರುತ್ತಾನೆ. ನಮ್ಮದು ಇದ್ದಲ್ಲಿಂದ ಕೂದಲೆಳೆಯಷ್ಟು ಅಲುಗಾಡಿದರೂ ಕೆಟ್ಟಿತು.

ಬೀಸುವ ಕಲ್ಲು ನೆನಪಿದೆಯಲ್ಲ? ಆಕ್ಸಲ್ ಬೀಮ್‌ನ ತುದಿಯಲ್ಲಿ ಒಂದು ಕಣ್ಣು ಇರುತ್ತದೆ. ಪಿನ್ನು ಅದರೊಳಗೆ ಬಿಗಿಯಾಗಿ ಕೂರುತ್ತದೆ. ಪಿನ್ನಿನ ಮೈಯಲ್ಲಿ ಚಪ್ಪಟೆ ಕಚ್ಚು, ಆ ಕಚ್ಚಿಗೆ ಅಡ್ಡಲಾಗಿ ಲಾಕ್ ಪಿನ್. ಹೊರಳುವುದು ಸ್ಟಬ್ ಆಕ್ಸಲ್, ಅಂದರೆ ಗಾಲಿ ಕೂರುವ ಮೋಟು ಅಚ್ಚು. ಅದರ ಕವಲಿನ ಮೇಲೊಂದು, ಕೆಳಗೊಂದು ಬುಷ್, ಅಂದರೆ ಪಿನ್ನನ್ನು ಸುತ್ತಿ ಕೂರುವ ಕೊಳವೆಯಂಥ ಬಳೆ. ಬುಷ್ಷನ್ನು ಬೇಕೆಂದೇ ಪಿನ್ನಿಗಿಂತ ಮೆತ್ತಗಿನ ಲೋಹದಲ್ಲಿ ಮಾಡಿರುತ್ತಾರೆ, ಸವೆದರೆ ಮೊದಲು ಅದು ಸವೆಯಲಿ ಅಂತ. ಹಾಗಾಗಿ 'ಕಿಂಗ್ ಪಿನ್ ಹೋಗಿದೆ' ಅನ್ನುವಾಗ ಹೆಚ್ಚಿನ ಸಲ ಮೊದಲು ಹೋಗಿರುವುದು ಬುಷ್. ಗ್ರೀಸ್ ಕಾಣದೆ ಮಣ್ಣು ನುಗ್ಗಿದರೆ ಪಿನ್ನಿನ ಮೈಯಲ್ಲೂ ಗೀರು ಬೀಳುತ್ತದೆ, ಆ ಮಾತು ಬೇರೆ. ಆದರೆ ಪಿನ್ನೇ ಆಕ್ಸಲ್ ಕಣ್ಣಿನಲ್ಲಿ ತಿರುಗಲು ಶುರು ಮಾಡಿದರೆ ಅದು ದೊಡ್ಡ ರೋಗ. ಕಣ್ಣು ದುಂಡಗಿದ್ದದ್ದು ಮೊಟ್ಟೆಯಾಕಾರ ಆಗುತ್ತದೆ. ಆಮೇಲೆ ಎಷ್ಟು ಹೊಸ ಪಿನ್ ಹಾಕಿದರೂ ನಿಲ್ಲುವುದಿಲ್ಲ. "ಪಿನ್ನು ಸ್ಟೇರಿಂಗ್ ಜೊತೆ ತಿರುಗುತ್ತೆ" ಎಂದು ಯಾರಾದರೂ ಹೇಳಿದರೆ, ತಿರುಗುತ್ತಿದ್ದರೆ ಬೇಗ ಗ್ಯಾರೇಜಿಗೆ ಬಿಡಿ ಎಂದು ಹೇಳಿ.

ಇನ್ನೊಂದು ತಪ್ಪು ತಿಳಿವಳಿಕೆ, ಲಾರಿಯ ಮುಂದಿನ ತೂಕವೆಲ್ಲ ಪಿನ್ನಿನ ಮೇಲೆ ನಿಂತಿದೆ ಅನ್ನುವುದು. ಇಲ್ಲ. ತೂಕ ಹೊರುವುದು ಆಕ್ಸಲ್ ಕಣ್ಣಿನ ಕೆಳಗೆ ಕೂತಿರುವ ಥ್ರಸ್ಟ್ ಬೇರಿಂಗ್. ಪಿನ್ನು ತಿನ್ನುವುದು ಪಕ್ಕದ ಏಟನ್ನು: ಗುಂಡಿಯ ಏಟು, ಬ್ರೇಕಿನ ಏಟು, ತಿರುವಿನ ಏಟು. ಸ್ಟೇರಿಂಗ್ ಕಲ್ಲಿನ ಹಾಗೆ ಗಟ್ಟಿಯಾದರೆ ಆ ಬೇರಿಂಗನ್ನೂ ಅನುಮಾನಿಸಬೇಕು. ಯಾರೂ ಅನುಮಾನಿಸುವುದಿಲ್ಲ, ಅದಕ್ಕೆ ರಾಜನ ಹೆಸರಿಲ್ಲ ನೋಡಿ.

ನಾನೇ ಇದಕ್ಕೆ ದುಡ್ಡು ಕೊಟ್ಟು ಕಲಿತವನು. ಕೆಲವು ವರ್ಷದ ಹಿಂದೆ ನಮ್ಮ ಲಾರಿಯ ಎಡಗಡೆ ಮುಂದಿನ ಗಾಲಿ ಆಡುತ್ತಿತ್ತು. ಗ್ಯಾರೇಜೊಂದರಲ್ಲಿ ನೋಡಿದ ಕೂಡಲೇ ಕಿಂಗ್ ಪಿನ್ ಎಂದರು. ಎರಡೂ ಕಡೆ ಕಿಟ್, ಅಂದರೆ ಪಿನ್ನು ಬುಷ್ಷಿನ ಹೊಸ ಸೆಟ್ ಹಾಕಿದರು. ಎರಡು ದಿನ ಲಾರಿ ನಿಂತಿತು, ಶುಂಠಿ ಬಾಡಿಗೆ ಒಂದು ತಪ್ಪಿತು. ಹೊರಗೆ ತಂದರೆ ಗಾಲಿ ಅದೇ ಆಟ ಆಡುತ್ತಿದೆ. ಆಮೇಲೆ ಸಕಲೇಶಪುರದ ವಯಸ್ಸಾದ ಮೇಸ್ತ್ರಿ ಒಬ್ಬರು ಆಕ್ಸಲ್ ಕೆಳಗೆ ಜಾಕಿ ಕೊಟ್ಟು ಗಾಲಿ ಎತ್ತಿದರು. ಟೈರಿನ ಮೇಲೆ ಕೆಳಗೆ ಕೈಯಿಟ್ಟು ಅಲ್ಲಾಡಿಸಿದರು. ಆಟ ಇತ್ತು. "ಈಗ ಬ್ರೇಕ್ ತುಳಿಯಪ್ಪ" ಅಂದರು. ತುಳಿದೆ. ಆಟ ಮಾಯ. "ವೀಲ್ ಬೇರಿಂಗು" ಅಂದರು, ಕೈ ಒರೆಸಿಕೊಂಡರು.

ಕಾರಣ ಸರಳ. ಬ್ರೇಕ್ ತುಳಿದಾಗ ಗಾಲಿಯ ಜೊತೆ ತಿರುಗುವ ಬ್ರೇಕ್ ಡ್ರಮ್ಮು ಮತ್ತು ಸ್ಟಬ್ ಆಕ್ಸಲ್ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ನಡುವಿನ ವೀಲ್ ಬೇರಿಂಗಿನ ಆಟ ಅಡಗುತ್ತದೆ. ಆಗಲೂ ಗಾಲಿ ಆಡಿದರೆ ಅದು ಸ್ಟಬ್ ಆಕ್ಸಲ್ ಮತ್ತು ಪಿನ್ನಿನ ನಡುವಿನ ಆಟ, ಅಂದರೆ ಬುಷ್. ಆಟವನ್ನು ಅಳೆಯುವ ಡಯಲ್ ಗೇಜ್ ಇಟ್ಟು ನೋಡುವವರಿಗೆ ಭಾರಿ ಆಕ್ಸಲ್‌ಗಳ ಕೈಪಿಡಿಗಳಲ್ಲಿ ಸಿಗುವ ಒಂದು ಮಿತಿ 0.25 ಮಿ.ಮೀ. ಅದನ್ನು ದಾಟಿದರೆ ಬುಷ್ ಬದಲಿಸಬೇಕು. ಟೈರಿನ ಎಡಕ್ಕೆ ಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಸಿಕ್ಕರೆ ಟೈ ರಾಡ್ ಎಂಡ್ ನೋಡಿ. ಇದಕ್ಕೆಲ್ಲ ಬೇಕಾಗುವುದು ಹಿಂದಿನ ಗಾಲಿಗೆ ಕೊಡಲು ಎರಡು ಕಲ್ಲು, ಒಂದು ಜಾಕಿ, ಬ್ರೇಕ್ ತುಳಿಯಲು ಒಬ್ಬ ಕ್ಲೀನರ್.

ಅಲೈನ್‌ಮೆಂಟ್, ಅಂದರೆ ಗಾಲಿಗಳ ಕೋನ ಸರಿ ಮಾಡಿಸುವ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಟೈರ್ ಒಂದು ಅಂಚಿನಲ್ಲಿ ತಿನ್ನುತ್ತಿದೆ ಎಂದು ಸೀದಾ ಅಲೈನ್‌ಮೆಂಟಿಗೆ ಓಡುತ್ತಾರೆ. ಬುಷ್ ಆಟ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸುವುದು ಅಂದರೆ ಅಲುಗಾಡುವ ಬಾಗಿಲಿಗೆ ಹೊಸ ಚಿಲಕ ಹಾಕಿದ ಹಾಗೆ. ನಿಂತಾಗ ಸರಿ ಇರುತ್ತದೆ, ಓಡುವಾಗ ಇರುವುದಿಲ್ಲ.

ಇಲ್ಲಿನ ಗಾಡಿಗಳಿಗೆ ಬುಷ್ ಬೇಗ ಸವೆಯುವುದರಲ್ಲಿ ಆಶ್ಚರ್ಯವಿಲ್ಲ. ಶಿರಾಡಿ ಘಾಟಿ ಇಳಿದು ಹತ್ತಬೇಕು. ಮಳೆಗಾಲದಲ್ಲಿ ಕೆಸರಿನ ನೀರು ಮುಂದಿನ ಗಾಲಿಗಳಿಗೇ ಹೊಡೆಯುತ್ತದೆ. ಚಿಕ್ಕಮಗಳೂರು ಕಡೆಯ ತೋಟದ ರಸ್ತೆಗಳಲ್ಲಿ ಕಾಫಿ ಮೂಟೆ ತುಂಬಲು ಹೋದರೆ ನಿಂತಲ್ಲೇ ಪೂರ್ತಿ ಕಟ್ಟಿಂಗ್ ಹೊಡೆಯಬೇಕು, ಅಂದರೆ ಸ್ಟೇರಿಂಗನ್ನು ಕೊನೆಯ ತನಕ ತಿರುಗಿಸಬೇಕು. ಬಂದ ಮೇಲೆ ಲಾರಿ ಲಕಲಕ ಹೊಳೆಯಲಿ ಎಂದು ಪ್ರೆಷರ್ ವಾಟರ್ ವಾಶ್. ಆ ನೀರಿನ ಏಟು ಸೀಲಿನ ಸಂದಿಯಲ್ಲಿ ನುಗ್ಗುತ್ತದೆ, ಗ್ರೀಸನ್ನು ಕೆಡಿಸುತ್ತದೆ. ವಾಶ್ ಆದ ಮೇಲೆ ಗ್ರೀಸ್ ಹೊಡೆಯಲೇಬೇಕು. ತೊಳೆಸಲು ದುಡ್ಡಿರುತ್ತದೆ, ಗ್ರೀಸಿಗೆ ಬಂದರೆ 'ಮುಂದಿನ ಟ್ರಿಪ್ ನೋಡೋಣ'.

ಗ್ರೀಸ್ ಹೊಡೆಯುವುದೆಂದರೆ ಗನ್ನನ್ನು ನಿಪ್ಪಲ್‌ಗೆ, ಅಂದರೆ ಗ್ರೀಸ್ ಒಳಗೆ ಹೋಗುವ ಮೂತಿಗೆ ಮುಟ್ಟಿಸಿ ಎರಡು ಸಲ ಒತ್ತುವುದಲ್ಲ. ಹಳೆಯ ಕಪ್ಪು ಗ್ರೀಸ್ ಹೊರಗೆ ಬಂದು, ಅದರ ಹಿಂದೆ ಹೊಸದು ಕಾಣುವ ತನಕ. ಮೇಲಿನ ನಿಪ್ಪಲ್ಲೂ ಸೈ, ಕೆಳಗಿನದೂ ಸೈ. ಕೆಳಗಿನದಕ್ಕೆ ಬಗ್ಗಬೇಕಲ್ಲ, ಅದಕ್ಕೇ ಬಿಟ್ಟು ಬಿಡುತ್ತಾರೆ. ಗಾಲಿ ನೆಲದ ಮೇಲಿರಬೇಕೋ, ಜಾಕಿ ಮೇಲಿರಬೇಕೋ ಅನ್ನುವುದು ಆಕ್ಸಲ್‌ನಿಂದ ಆಕ್ಸಲ್‌ಗೆ ಬದಲಾಗುತ್ತದೆ, ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತದೆ. ಎಷ್ಟು ಒತ್ತಿದರೂ ಗ್ರೀಸ್ ಹೊರಗೆ ಬರದಿದ್ದರೆ ನಿಪ್ಪಲ್ ಕಟ್ಟಿಕೊಂಡಿದೆ, ಅಥವಾ ಬುಷ್ ಕೂರಿಸಿದವನು ಬುಷ್ಷಿನ ತೂತನ್ನು ಗ್ರೀಸಿನ ದಾರಿಗೆ ಹೊಂದಿಸಿಲ್ಲ. ಎರಡನೆಯದು ನೀವು ನಂಬುವುದಕ್ಕಿಂತ ಜಾಸ್ತಿ ನಡೆಯುತ್ತದೆ. ಹೊಸ ಬುಷ್, ಹೊಸ ಪಿನ್, ಹನಿ ಗ್ರೀಸ್ ಇಲ್ಲ.

ಬುಷ್ ಬದಲಿಸುವಾಗ ಪಕ್ಕದಲ್ಲಿ ನಿಂತು ನೋಡಬೇಕಾದ್ದು ರೀಮರ್, ಅಂದರೆ ತೂತಿನ ಒಳಗನ್ನು ಕೆರೆಯುವ ಉಪಕರಣದ ಕೆಲಸ. ಲೋಹದ ಬುಷ್ಷನ್ನು ಒತ್ತಿ ಕೂರಿಸಿದ ಮೇಲೆ ಒಳಗಿನ ಅಳತೆಯನ್ನು ರೀಮರ್ ಹೊಡೆದು ಪಿನ್ನಿಗೆ ಹೊಂದಿಸುತ್ತಾರೆ. ಉದ್ದನೆಯ ರೀಮರ್ ಬೇಕು, ಮೇಲಿನ ಬುಷ್ಷು ಕೆಳಗಿನ ಬುಷ್ಷು ಒಂದೇ ಗೆರೆಯಲ್ಲಿ ಬರಬೇಕು. ಒಂದೊಂದನ್ನೇ ಬೇರೆ ಬೇರೆ ಕೆರೆದರೆ ಪಿನ್ನು ಒಳಗೆ ಹೋಗುತ್ತದೆ, ಸ್ಟೇರಿಂಗ್ ಮಾತ್ರ ತಿರುಗುವುದಿಲ್ಲ. ರೀಮರ್ ಬೇಡದ ಬುಷ್ಷುಗಳೂ ಬರುತ್ತವೆ, ಅದಕ್ಕೆ ಕೆರೆಯಲು ಹೋಗಬೇಡಿ. ಹಳೆಯ ಬುಷ್ಷಿಗೆ ಪಂಚ್ ಹೊಡೆದು ಬಿಗಿ ಮಾಡಿಕೊಡುತ್ತೇನೆ ಅನ್ನುವವರ ಗ್ಯಾರೇಜಿನಿಂದ ಹೊರಗೆ ಬನ್ನಿ. ಕೊನೆಗೆ ಮೇಲಿನ ಸಂದಿಗೆ ಶಿಮ್ ಅನ್ನುವ ತೆಳು ತಗಡು, ಹೊಸ ಲಾಕ್ ಪಿನ್, ಆಮೇಲೆ ಅಲೈನ್‌ಮೆಂಟ್. ಬಿಲ್ಲಿನಲ್ಲಿ 'ಕಿಂಗ್ ಪಿನ್ ಕೆಲಸ' ಎಂದು ಒಂದೇ ಸಾಲು ಬರೆದು ಕೊಟ್ಟರೆ ಪಿನ್ ಎಷ್ಟು, ಬುಷ್ ಎಷ್ಟು, ಬೇರಿಂಗ್ ಎಷ್ಟು ಎಂದು ಬಿಡಿಸಿ ಬರೆಸಿಕೊಳ್ಳಿ.