ವರದಿ 1993ರಲ್ಲಿ, ಹಣ 2007ರಲ್ಲಿ: ಸರ್ಕಾರದ ವಿಳಂಬವನ್ನು ಮುಂಬಯಿಯಿಂದ ಅರಿಯುವುದು

ಸರ್ಕಾರಗಳು ಜನರ ಸಮಸ್ಯೆಗೆ ತಡವಾಗಿ ಸ್ಪಂದಿಸುವುದೇಕೆ ಎಂಬ ಪ್ರಶ್ನೆಗೆ ‘ಮಾಹಿತಿಯ ಕೊರತೆ’ ಎಂದು ಉತ್ತರಿಸುವುದು ಸುಲಭ. ಮುಂಬಯಿಯಲ್ಲಿದ್ದು ಸಾರ್ವಜನಿಕ ಆಡಳಿತವನ್ನು ಕನ್ನಡದಲ್ಲಿ ಓದುತ್ತಿರುವ ನಾವು ಈ ಉತ್ತರವನ್ನು ಒಪ್ಪಬಾರದು. ಇಲ್ಲಿನ ಮಳೆನೀರಿನ ಚರಂಡಿಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ಬ್ರಿಟಿಷರ ಕಾಲದ ಈ ಚರಂಡಿಗಳು ಗಂಟೆಗೆ ಸುಮಾರು 25 ಮಿ.ಮೀ. ಮಳೆಯನ್ನು, ಅದೂ ಕಡಲು ಇಳಿದಿರುವಾಗ ಮಾತ್ರ, ಸಾಗಿಸಬಲ್ಲವಾಗಿದ್ದವು. 1985ರ ನೆರೆಯ ಬಳಿಕ ಪಾಲಿಕೆ ಅಧ್ಯಯನ ನಡೆಸಿತು. 1993ರಲ್ಲಿ ಸಿದ್ಧವಾದ ‘ಬ್ರಿಮ್‌ಸ್ಟೋವ್ಯಾಡ್’ (ಬೃಹನ್ಮುಂಬಯಿ ಮಳೆನೀರು ವಿಲೇವಾರಿ) ವರದಿಯು ಈ ಸಾಮರ್ಥ್ಯವನ್ನು 50 ಮಿ.ಮೀ.ಗೆ ಏರಿಸಬೇಕು, ಉಬ್ಬರದ ವೇಳೆ ನೀರನ್ನು ಕಡಲಿಗೆ ಎತ್ತಿಹಾಕಲು ಪಂಪಿಂಗ್ ಸ್ಟೇಷನ್‌ಗಳನ್ನು ಕಟ್ಟಬೇಕು ಎಂದು ತಿಳಿಸಿತು. ಅದು ಬಹುಮಟ್ಟಿಗೆ ಕಡತದಲ್ಲೇ ಉಳಿಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ಸುರಿದು, ನೂರಾರು ಜನ ಪ್ರಾಣ ಕಳೆದುಕೊಂಡ ಮೇಲೆ, 2007ರಲ್ಲಿ ಕೇಂದ್ರವು ಅದೇ ಯೋಜನೆಗೆ 1,200 ಕೋಟಿ ರೂಪಾಯಿ ಒದಗಿಸಲು ಒಪ್ಪಿತು. ಅಂದಿನ ಮಳೆಯನ್ನು 50 ಮಿ.ಮೀ.ಯ ಚರಂಡಿಯೂ ತಾಳುತ್ತಿರಲಿಲ್ಲ, ನಿಜ; ಆದರೆ ಸಾಧಾರಣ ಮಳೆಗೇ ಹಿಂದ್‌ಮಾತಾ, ಗಾಂಧಿ ಮಾರ್ಕೆಟ್ ಪರಿಸರದಲ್ಲಿ ನಿಲ್ಲುತ್ತಿದ್ದ ನೀರಿಗೆ ಈ ಸಮಜಾಯಿಷಿ ಒಪ್ಪುವುದಿಲ್ಲ.

ನನಗೆ ಮುಖ್ಯವೆನಿಸುವ ಕಾರಣ ಇದು: ತಡೆಗಟ್ಟುವ ಕೆಲಸದ ಖರ್ಚು ಈ ವರ್ಷದ ಬಜೆಟ್ಟಿನಲ್ಲಿ ಎದ್ದು ಕಾಣುತ್ತದೆ, ಅದರ ಫಲ ಯಾರ ಕಣ್ಣಿಗೂ ಬೀಳುವುದಿಲ್ಲ. ರಸ್ತೆ ಅಗೆಸಿ ನೆಲದಡಿಯ ಚರಂಡಿಯನ್ನು ಅಗಲಿಸಿದ ನಗರಸೇವಕನಿಗೆ (ಪಾಲಿಕೆ ಸದಸ್ಯನಿಗೆ) ದೂಳು, ಟ್ರಾಫಿಕ್ಕಿನ ದೂರುಗಳೇ ಬರುತ್ತವೆ. ಮೇ ತಿಂಗಳ ನಾಲಾ ಸಫಾಯಿ, ಅಂದರೆ ಮಳೆಗಾಲಕ್ಕೆ ಮುನ್ನ ಚರಂಡಿಗಳ ಹೂಳೆತ್ತುವ ಕೆಲಸವಾದರೋ, ದಡದಲ್ಲಿ ಕಪ್ಪು ಹೂಳನ್ನು ರಾಶಿ ಹಾಕಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಆದ್ದರಿಂದ ವರ್ಷವರ್ಷವೂ ಹಣ ಅತ್ತಲೇ ಹರಿಯುತ್ತದೆ. ಹೊಣೆ ಹಂಚಿಹೋಗುವುದು ಇನ್ನೊಂದು ಕಾರಣ: ಮಿಠಿ ನದಿಯ ಒಂದು ಭಾಗ ಪಾಲಿಕೆಗೆ, ಮತ್ತೊಂದು ಭಾಗ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೆ (ಎಂಎಂಆರ್‌ಡಿಎ) ಸೇರಿತ್ತು.

ಸರ್ಕಾರಕ್ಕೆ ಸಾಮರ್ಥ್ಯವಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಪಾದಚಾರಿ ಸೇತುವೆಯ ಬಗ್ಗೆ ಪ್ರಯಾಣಿಕರು ಬಹುಕಾಲದಿಂದ ದೂರುತ್ತಿದ್ದರು. 2017ರ ಸೆಪ್ಟೆಂಬರ್ 29ರ ಕಾಲ್ತುಳಿತದಲ್ಲಿ 23 ಜನ ಸತ್ತರು. 2018ರ ಫೆಬ್ರವರಿಯೊಳಗೆ ಸೇನೆ ಅಲ್ಲಿ ಹೊಸ ಸೇತುವೆ ಕಟ್ಟಿಕೊಟ್ಟಿತು. ಪರೀಕ್ಷೆಯಲ್ಲಿ ಈ ಉದಾಹರಣೆ ಬರೆಯುವವರು ಸೇನೆಯ ವೇಗವನ್ನು ಹೊಗಳಿ ನಿಲ್ಲಿಸದೆ, ಐದು ತಿಂಗಳಲ್ಲಿ ಕೂಡಿಬಂದ ಹಣ, ಅನುಮತಿ, ಆಸಕ್ತಿಗಳು ಸಾವಿಗೆ ಮುನ್ನ ಯಾವ ಹಂತದಲ್ಲಿ ತಡೆದುನಿಂತವು ಎಂಬುದನ್ನು ವಿಶ್ಲೇಷಿಸಬೇಕು.