ಗಡಸು ನೀರು ಗೀಸರನ್ನು ಕೆಡಿಸುವ ಬಗೆ

ಬೆಂಗಳೂರಿನ ಅನೇಕ ಮನೆಗಳಲ್ಲಿ ಕಾವೇರಿ ನೀರೂ ಕೊಳವೆ ಬಾವಿಯ ನೀರೂ ನೆಲದಡಿಯ ಒಂದೇ ತೊಟ್ಟಿಗೆ (ಸಂಪ್) ಬೀಳುತ್ತವೆ. ಇವೆರಡರಲ್ಲಿ ಕಾವೇರಿ ನೀರು ಮೆದು. ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ದೀರ್ಘಕಾಲ ನಿಂತ ಬೋರ್ ನೀರಾದರೋ ಆ ಶಿಲೆಗಳಿಂದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳನ್ನು ಕರಗಿಸಿಕೊಂಡು ಬರುತ್ತದೆ. ಬೇಸಿಗೆಯಲ್ಲಿ ಬೋರ್ ನೀರಿನ ಪಾಲು ಹೆಚ್ಚಿದಂತೆ ಅದೇ ನಲ್ಲಿಯ ನೀರು ಹೆಚ್ಚು ಗಡಸಾಗುವುದರಿಂದ, ಒಮ್ಮೆ ಮಾಡಿದ ಪರೀಕ್ಷೆಯ ಫಲಿತಾಂಶವನ್ನು ವರ್ಷವಿಡೀ ನೆಚ್ಚಲಾಗದು.

ಗಡಸುತನವನ್ನು, ಅಂದರೆ ಈ ಎರಡು ಅಯಾನುಗಳ ಒಟ್ಟು ಪ್ರಮಾಣವನ್ನು, ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಪ್ರಮಾಣದಲ್ಲಿ ಹೇಳುವುದು ರೂಢಿ. ಕ್ಯಾಲ್ಸಿಯಂ ಪ್ರಮಾಣವನ್ನು 2.5ರಿಂದಲೂ ಮೆಗ್ನೀಸಿಯಂ ಪ್ರಮಾಣವನ್ನು 4.1ರಿಂದಲೂ ಗುಣಿಸಿ ಕೂಡಿಸಬೇಕು. ಲೀಟರಿಗೆ 80 ಮಿಲಿಗ್ರಾಂ ಕ್ಯಾಲ್ಸಿಯಂ, 40 ಮಿಲಿಗ್ರಾಂ ಮೆಗ್ನೀಸಿಯಂ ಇದ್ದರೆ ಒಟ್ಟು ಗಡಸುತನ 200 ಮತ್ತು 164 ಸೇರಿ 364 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ 10500 (2012) ಒಪ್ಪುವ ಮಿತಿ 200. ಬೇರೆ ಮೂಲವೇ ಇಲ್ಲದಿದ್ದಾಗ 600. ಈ ಮಿತಿಗಳು ಕುಡಿಯುವವರನ್ನು ಕುರಿತವು. 200ರೊಳಗಿನ ನೀರು ಕೂಡ ಗೀಸರಿನಲ್ಲಿ ನಿಧಾನವಾಗಿ ಹಕ್ಕಳೆ (ಲವಣದ ಗಟ್ಟಿ ಪದರ) ಕಟ್ಟಬಲ್ಲದು.

ಉಪಕರಣಗಳ ದೃಷ್ಟಿಯಿಂದ ಮುಖ್ಯವಾದುದು ತಾತ್ಕಾಲಿಕ ಗಡಸುತನ, ಅಂದರೆ ಬೈಕಾರ್ಬೊನೇಟುಗಳಿಂದ ಬರುವ ಭಾಗ. ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಉಳಿಯುತ್ತದೆ. ಸಕ್ಕರೆಯಂತಹ ಪದಾರ್ಥಗಳು ಬಿಸಿ ನೀರಿನಲ್ಲಿ ಹೆಚ್ಚು ಕರಗಿದರೆ, ಕ್ಯಾಲ್ಸಿಯಂ ಕಾರ್ಬೊನೇಟ್ ಬಿಸಿ ಏರಿದಷ್ಟೂ ಕಡಿಮೆ ಕರಗುತ್ತದೆ. ಆದ್ದರಿಂದಲೇ ಹಕ್ಕಳೆ ಮೊದಲು ಕಟ್ಟುವುದು ನೀರಿನ ಅತಿ ಬಿಸಿಯಾದ ಜಾಗದಲ್ಲಿ, ಅಂದರೆ ಕಾಯಿಲ್ ಮೇಲೆಯೇ.

ಒಂದು ಅಂದಾಜು ಮಾಡಿ ನೋಡೋಣ. ತಾತ್ಕಾಲಿಕ ಗಡಸುತನ 250 ಇರುವ ನೀರು ದಿನಕ್ಕೆ 100 ಲೀಟರ್ ಗೀಸರಿನ ಮೂಲಕ ಹಾದುಹೋದರೆ, ಅದರಲ್ಲಿ ಹೆಚ್ಚೆಂದರೆ 25 ಗ್ರಾಂ ಕಾರ್ಬೊನೇಟ್ ಬೇರ್ಪಡಬಹುದು. ಅದರ ಹತ್ತನೇ ಒಂದು ಭಾಗ ಮಾತ್ರ ಒಳಗೆ ಉಳಿದರೂ ವರ್ಷಕ್ಕೆ 900 ಗ್ರಾಂ ದಾಟುತ್ತದೆ.

ಹಕ್ಕಳೆ ಕಟ್ಟಿದ ಗೀಸರ್ ಬಹಳ ಕರೆಂಟ್ ತಿನ್ನುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನಾವು ಇದನ್ನು ಪರಿಶೀಲಿಸದೆ ಒಪ್ಪಬಾರದು. ವಿದ್ಯುತ್ ಗೀಸರಿನ ಕಾಯಿಲ್ ನೀರಿನೊಳಗೇ ಮುಳುಗಿರುವುದರಿಂದ ಅದರ ಶಾಖಕ್ಕೆ ನೀರನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಹಕ್ಕಳೆಯನ್ನು ದಾಟಿಯಾದರೂ ಅದು ನೀರಿಗೇ ಸೇರುತ್ತದೆ, ಆದ್ದರಿಂದ ಬಿಲ್ಲಿನಲ್ಲಿ ಕಾಣುವ ವ್ಯತ್ಯಾಸ ಅಲ್ಪ. ನಿಜವಾದ ಹಾನಿ ಕಾಯಿಲ್‌ಗೆ. ಅದರ ಮೇಲ್ಮೈಯ ಪ್ರತಿ ಚದರ ಸೆಂಟಿಮೀಟರಿನಿಂದ 8 ವ್ಯಾಟ್ ಶಾಖ ಹೊರಬರುತ್ತಿದೆ, ಹಕ್ಕಳೆ 2 ಮಿಲಿಮೀಟರ್ ದಪ್ಪವಿದೆ, ಅದರ ಉಷ್ಣವಾಹಕತೆ ಪ್ರತಿ ಮೀಟರಿಗೆ ಪ್ರತಿ ಕೆಲ್ವಿನ್ನಿಗೆ 1 ವ್ಯಾಟ್ ಎಂದಿಟ್ಟುಕೊಂಡರೆ, ಹಕ್ಕಳೆಯ ಒಳಬದಿಗೂ ಹೊರಬದಿಗೂ ನಡುವೆ 160 ಡಿಗ್ರಿ ಸೆಲ್ಸಿಯಸ್ ಅಂತರ ಬೀಳುತ್ತದೆ. ನೀರು 60 ಡಿಗ್ರಿಯಲ್ಲಿದ್ದಾಗ ಕಾಯಿಲ್ 220 ಡಿಗ್ರಿ ಮುಟ್ಟುತ್ತದೆ; ಅದರ ಹೊರಕವಚ ಬಿರುಕು ಬಿಟ್ಟು ನೀರು ಒಳಗೆ ನುಗ್ಗಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಗೀಸರ್ ಚಟಪಟ ಸದ್ದು ಮಾಡತೊಡಗಿದರೆ ಹಕ್ಕಳೆಯಡಿ ಸಿಕ್ಕಿದ ನೀರು ಆವಿಯಾಗುತ್ತಿದೆ ಎಂದು ಅನುಮಾನಿಸಬೇಕು. ಗ್ಯಾಸ್ ಗೀಸರಿನ ಸಂಗತಿ ಬೇರೆ. ಅಲ್ಲಿ ಉರಿ ಹೊರಗೆ, ನೀರು ತಾಮ್ರದ ಕೊಳವೆಯೊಳಗೆ. ಕೊಳವೆಯಲ್ಲಿ ಹಕ್ಕಳೆ ಕಟ್ಟಿದಾಗ ಶಾಖ ಹೊಗೆಯೊಂದಿಗೆ ಹೊರಟುಹೋಗುವುದರಿಂದ ಇಂಧನ ನಿಜಕ್ಕೂ ಪೋಲಾಗುತ್ತದೆ.

ತಣ್ಣೀರಿನಲ್ಲೇ ಒಗೆಯುವ ವಾಷಿಂಗ್ ಮೆಷಿನ್ನಿಗೆ ಈ ಬಗೆಯ ಅಪಾಯ ಕಡಿಮೆ, ಆದರೆ ಪುಡಿ ಸಾಲದಾದಾಗ ಅದರಲ್ಲಿರುವ ಸೋಡಾ ಕ್ಯಾಲ್ಸಿಯಂನೊಡನೆ ಸೇರಿ ಬಟ್ಟೆಯ ಮೇಲೆಯೇ ಕಾರ್ಬೊನೇಟಾಗಿ ಕೂರುತ್ತದೆ, ಬಟ್ಟೆ ಒರಟಾಗುತ್ತದೆ. ಆರ್‌ಒ ಶೋಧಕದಲ್ಲಿ ಶಾಖವಿಲ್ಲದಿದ್ದರೂ, ತ್ಯಾಜ್ಯ ನೀರಿನ ಬದಿಯಲ್ಲಿ ಲವಣಗಳು ಸಾಂದ್ರವಾಗುವುದರಿಂದ ಅದರ ಶೋಧಕ ಪೊರೆಯ (ಮೆಂಬ್ರೇನ್) ಮೇಲೆ ಹಕ್ಕಳೆ ಕಟ್ಟುತ್ತದೆ.

ಅಳತೆಯ ಬಗ್ಗೆ ಎಚ್ಚರ ಬೇಕು. ಅಂಗಡಿಯಲ್ಲಿ ಸಿಗುವ ಟಿಡಿಎಸ್ (ಕರಗಿದ ಒಟ್ಟು ಘನಪದಾರ್ಥ) ಮೀಟರ್ ಅಳೆಯುವುದು ನೀರಿನ ವಿದ್ಯುದ್ವಾಹಕತೆಯನ್ನು, ಗಡಸುತನವನ್ನಲ್ಲ. ಬಟ್ಟಿ ಇಳಿಸಿದ ಶುದ್ಧ ನೀರಿಗೆ ಶುದ್ಧ ಸೋಡಿಯಂ ಕ್ಲೋರೈಡನ್ನು ಸೇರಿಸಿದರೆ ಮೀಟರ್ ದೊಡ್ಡ ಸಂಖ್ಯೆ ತೋರಿಸುತ್ತದೆ, ಗಡಸುತನ ಸೊನ್ನೆಯೇ. ಪ್ರಯೋಗಾಲಯದಲ್ಲಿ ಮಾಡುವ ಇಡಿಟಿಎ ಟೈಟ್ರೇಷನ್, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದಿಡುವ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಅಳೆಯುವುದು, ಇಲ್ಲಿ ಸರಿಯಾದ ವಿಧಾನ. ಪಿಎಚ್ 10ರಲ್ಲಿ ಎರಿಯೋಕ್ರೋಮ್ ಬ್ಲಾಕ್ ಟಿ ಸೂಚಕ ಕೆಂಪಿನಿಂದ ನೀಲಿಗೆ ತಿರುಗುವುದು ಅಂತ್ಯಬಿಂದು.

ಹಕ್ಕಳೆ ತೆಗೆಯಲು ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲ) ದ್ರಾವಣ ಅಥವಾ ವಿನಿಗರ್ ಸಾಕು, ಆದರೆ ಇವು ಕಾರ್ಬೊನೇಟನ್ನು ಕರಗಿಸುತ್ತವೆಯೇ ಹೊರತು ಶಾಶ್ವತ ಗಡಸುತನದಿಂದ (ಬೈಕಾರ್ಬೊನೇಟುಗಳಿಂದ ಬಾರದ ಭಾಗ) ಬಂದ ಕ್ಯಾಲ್ಸಿಯಂ ಸಲ್ಫೇಟನ್ನಲ್ಲ. ಹೈಡ್ರೋಕ್ಲೋರಿಕ್ ಆಮ್ಲ ಬೇಗ ಕೆಲಸ ಮಾಡಿದರೂ ಸ್ಟೇನ್‌ಲೆಸ್ ಸ್ಟೀಲನ್ನು ಕೊರೆಯುವುದರಿಂದ ಅದನ್ನು ಬಳಸಲೇಬಾರದು. ಥರ್ಮೋಸ್ಟಾಟನ್ನು ತಗ್ಗಿಸಿದರೆ ಹಕ್ಕಳೆ ಕಟ್ಟುವ ವೇಗವೂ ತಗ್ಗುತ್ತದೆ.

ಮನೆಗೆಲ್ಲ ಸಾಫ್ಟ್‌ನರ್ (ನೀರನ್ನು ಮೆದುಗೊಳಿಸುವ ಯಂತ್ರ) ಹಾಕಿಸುವವರು ತಿಳಿಯಬೇಕಾದದ್ದು ಇಷ್ಟು. ಅದರೊಳಗಿನ ರಾಳ (ರೆಸಿನ್) ಒಂದು ಕ್ಯಾಲ್ಸಿಯಂ ಅಯಾನನ್ನು ಹಿಡಿದು ಎರಡು ಸೋಡಿಯಂ ಅಯಾನುಗಳನ್ನು ಬಿಡುತ್ತದೆ. ಹೀಗಾಗಿ ಟಿಡಿಎಸ್ ಇಳಿಯುವುದಿಲ್ಲ, ಇಳಿಯಲಿಲ್ಲವೆಂದು ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಕಾಗಿಯೂ ಇಲ್ಲ. ಪ್ರತಿ 100 ಮಿಲಿಗ್ರಾಂ ಗಡಸುತನ ಹೋದಾಗ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಆದ್ದರಿಂದ ಅಡುಗೆಮನೆಯ ಕುಡಿಯುವ ನೀರಿನ ನಲ್ಲಿಗೆ ಸಾಫ್ಟ್‌ನರ್ ದಾಟದ ಬೇರೆ ಕೊಳವೆ ಇರಲಿ. ರಾಳಕ್ಕೆ ಮತ್ತೆ ಸೋಡಿಯಂ ತುಂಬಲು ಅದನ್ನು ತೊಳೆದ ಉಪ್ಪುನೀರನ್ನು ಗಿಡಗಳಿಗೆ ಹರಿಸಬಾರದು.